ಎಂಟು ಸುತ್ತಿನ ಜಾಗದಲ್ಲಿ ಕಿಂಗ್ ಕರ್ಟಿಸ್

ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಹಾಡಿದ 'ರೆಸ್ಪೆಕ್ಟ್' ಹಾಡಿನ ಮಧ್ಯೆ ಒಂದು ಜಾಗ ಇದೆ. ಅರೀಥಾ ಹಾಡೋದು ನಿಲ್ಲಿಸುತ್ತಾಳೆ. ಒಂದು ಟೆನರ್ ಸ್ಯಾಕ್ಸೋಫೋನ್ ಒಳಗೆ ಬರುತ್ತದೆ, ನಾಲ್ಕು ಎಣಿಕೆಯ ಎಂಟು ಸುತ್ತು ನುಡಿಸುತ್ತದೆ, ಹೊರಟುಹೋಗುತ್ತದೆ. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಕೂಡ ಆಗುವುದಿಲ್ಲ. ಸುಮಾರು ಎರಡು ತಿಂಗಳಿಂದ ನನಗೆ ಅದರದ್ದೇ ಗುಂಗು. ಬೆಳಿಗ್ಗೆ ದೋಸೆ ಹುಯ್ಯುವಾಗ ಹಾಡು ಹಾಕಿಕೊಳ್ಳುತ್ತೇನೆ. ಆ ಜಾಗ ಬಂದಾಗ ಸೌಟು ಹಿಡಿದ ಕೈ ನಿಲ್ಲುತ್ತದೆ. ಮುಗಿದ ಕೂಡಲೇ ಹಿಂದಕ್ಕೆ ಎಳೆದು ಮತ್ತೆ ಕೇಳುತ್ತೇನೆ. ಕಾಲೇಜಿನ ದಿನಗಳಿಂದ ಕೇಳುತ್ತಾ ಬಂದ ಹಾಡು ಇದು. ಆ ಸ್ಯಾಕ್ಸನ್ನು ಎಷ್ಟೋ ಸಲ ಗುನುಗಿದ್ದೇನೆ. ಆದರೆ ನುಡಿಸಿದವರು ಯಾರು ಅಂತ ಅಷ್ಟು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೆಸರು ಗೊತ್ತಾದ ಮೇಲೆ ಇನ್ನೊಂದು ವಿಷಯ ತಿಳಿಯಿತು. ನನಗೆ ಇಷ್ಟವಾದ ಎಷ್ಟೋ ಹಾಡುಗಳ ಒಳಗೆ ಇದೇ ಮನುಷ್ಯ ಇದ್ದ.

ಕಿಂಗ್ ಕರ್ಟಿಸ್. ಮನೆಯ ಹೆಸರು ಕರ್ಟಿಸ್ ಔಸ್ಲಿ. 1934ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದವನು. ಬದುಕಿದ್ದು ಮೂವತ್ತೇಳೇ ವರ್ಷ.

'ರೆಸ್ಪೆಕ್ಟ್' ಮೂಲದಲ್ಲಿ ಓಟಿಸ್ ರೆಡ್ಡಿಂಗ್‌ನ ಹಾಡು, 1965ರದ್ದು. ಅವನ ಹಾಡಿನಲ್ಲಿ ನಾನು ಹೇಳುತ್ತಿರುವ ಜಾಗವೇ ಇಲ್ಲ. 1967ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಅರೀಥಾ ಇದನ್ನು ರೆಕಾರ್ಡ್ ಮಾಡಿದಾಗ ಅದು ಹೊಸದಾಗಿ ಸೇರಿತು. ಸ್ಯಾಮ್ ಅಂಡ್ ಡೇವ್ ಜೋಡಿಯ ಒಂದು ನಿಧಾನ ಹಾಡಿನಿಂದ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲನ್ನು ತಂದು ಇಲ್ಲಿ ಕೂರಿಸಿದರು. ನಮ್ಮ ಸಂಗೀತದ ಮಾತಿನಲ್ಲಿ ಹೇಳುತ್ತೇನೆ. ಹಾಡಿನ ಶ್ರುತಿ ಸಿ. ಅದನ್ನು ಷಡ್ಜ ಅಂದುಕೊಳ್ಳಿ. ಸ್ಯಾಕ್ಸ್ ಬರುವ ಹೊತ್ತಿಗೆ ಅದರ ಕೆಳಗಿನ ನೆಲ ಎಫ್ ಶಾರ್ಪ್‌ಗೆ ಹಾರಿರುತ್ತದೆ, ಅಂದರೆ ಪ್ರತಿ ಮಧ್ಯಮಕ್ಕೆ. ಷಡ್ಜದಿಂದ ಅದಕ್ಕಿಂತ ದೂರದ ಮನೆ ಇನ್ನೊಂದಿಲ್ಲ. ಅಲ್ಲಿಯವರೆಗೆ ಒಂದೇ ಅಂಗಳದಲ್ಲಿ ನಡೆಯುತ್ತಿದ್ದ ಜಗಳ ಇದ್ದಕ್ಕಿದ್ದಂತೆ ಬೇರೆ ಊರಿನಲ್ಲಿ ನಡೆದಂತೆ ಕೇಳಿಸುತ್ತದೆ. ಏಳು ಸುತ್ತು ಹಾಗೇ ಹೋಗಿ, ಎಂಟನೆಯದಕ್ಕೆ ನೆಲ ಅರ್ಧ ಮೆಟ್ಟಿಲು ಮೇಲೇರಿ ಪಂಚಮದಲ್ಲಿ ನಿಲ್ಲುತ್ತದೆ. ಪ್ರತಿ ಮಧ್ಯಮದಿಂದ ಪಂಚಮಕ್ಕೆ. ಆ ಸಣ್ಣ ಹೆಜ್ಜೆಯ ಸುಖ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು, ಅಲ್ವಾ? ಅಲ್ಲಿಂದ ಅರೀಥಾ ಮತ್ತೆ ಹಾಡನ್ನು ಎತ್ತಿಕೊಳ್ಳುತ್ತಾಳೆ.

ಇಷ್ಟು ಬಿಕ್ಕಟ್ಟಿನ ಜಾಗಕ್ಕೆ ಕರೆದಾಗ ಬೇರೆ ಯಾರಾದರೂ ಆಗಿದ್ದರೆ ಗಡಿಬಿಡಿಯಲ್ಲಿ ಸ್ವರಗಳನ್ನು ತುಂಬಿಸುತ್ತಿದ್ದರೇನೋ. ಕರ್ಟಿಸ್ ಹಾಗೆ ಮಾಡುವುದಿಲ್ಲ. ಮೊದಲ ಸ್ವರವನ್ನು ಕೆರೆದ ಗಂಟಲಿನಲ್ಲಿ ಎತ್ತುತ್ತಾನೆ. ಎಳೆಯುತ್ತಾನೆ, ಬಿಡುತ್ತಾನೆ. ಮತ್ತೆ ಅದೇ ಮಾತನ್ನು ಸ್ವಲ್ಪ ಬೇರೆ ರೀತಿ ಹೇಳುತ್ತಾನೆ. ಅರೀಥಾ ಹೇಳುತ್ತಿದ್ದ ಮಾತನ್ನೇ ಪದಗಳಿಲ್ಲದೆ ಮುಂದುವರಿಸುತ್ತಾನೆ, ಅಷ್ಟೇ.

ಭಟ್ಟರ ಕೈ

ಇದನ್ನು ಯೋಚಿಸುವಾಗಲೆಲ್ಲ ನನಗೆ ಪುತ್ತೂರಿನ ಕಡೆಯ ಒಂದು ಮದುವೆ ನೆನಪಾಗುತ್ತದೆ. ನಮ್ಮ ಕಡೆ ಮದುವೆ, ಜಾತ್ರೆಗಳಲ್ಲಿ ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನ್ ಬಂದು ಎಷ್ಟೋ ವರ್ಷಗಳಾದವು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದರ ದನಿ ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಅವರು ಇದನ್ನು ಕಛೇರಿಯ ವೇದಿಕೆಗೇ ಹತ್ತಿಸಿದರು. ಹಾಗಾಗಿ ನನ್ನ ಕಿವಿಗೆ ಸ್ಯಾಕ್ಸ್ ಅಂದರೆ ಮೊದಲು ಮಲ್ಲಿಗೆ, ಅಕ್ಷತೆ, ಚಪ್ಪರದ ನೆರಳು. ಜಾಝ್, ಬ್ಲೂಸ್ ಎಲ್ಲ ಆಮೇಲೆ ಬಂದದ್ದು.

ಆ ದಿನ ನಾನು ವಾದ್ಯದವರ ಪಕ್ಕದಲ್ಲೇ ಕೂತಿದ್ದೆ. ಸ್ಯಾಕ್ಸ್ ನುಡಿಸುವವರಿಗೆ ಐವತ್ತು ದಾಟಿರಬೇಕು. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ವಾದ್ಯದ ಪಟ್ಟಿ ಉಜ್ಜಿ ಉಜ್ಜಿ ಕಪ್ಪಾದ ಕುತ್ತಿಗೆ. ಮುಹೂರ್ತ ಹತ್ತಿರವಾದಂತೆ ಅವರು ಕೃತಿ ನುಡಿಸುವುದನ್ನು ನಿಲ್ಲಿಸಿದರು. ವಾದ್ಯದ ಬಾಯಿ ತುಟಿಯಲ್ಲೇ ಇತ್ತು. ರೀಡ್ ಒಣಗದಂತೆ ನಾಲಿಗೆಯಿಂದ ತೇವ ಮಾಡಿಕೊಳ್ಳುತ್ತಿದ್ದರು. ಕಣ್ಣು ಮಾತ್ರ ಮಂಟಪದ ಮೇಲೆ ನೆಟ್ಟಿತ್ತು. ಮದುಮಗಳ ಕಡೆಗೂ ಅಲ್ಲ, ಮದುಮಗನ ಕಡೆಗೂ ಅಲ್ಲ, ಭಟ್ಟರ ಬಲಗೈಯ ಮೇಲೆ. ಜನ ಎದ್ದು ನಿಂತರು. ಫೋಟೋದವನು ಅಡ್ಡ ಬಂದ. ಅವರು ಕೂತಲ್ಲೇ ಕತ್ತು ಓರೆ ಮಾಡಿ ಆ ಕೈಯನ್ನು ಮತ್ತೆ ಹುಡುಕಿಕೊಂಡರು. ಭಟ್ಟರ ಕೈ ಮೇಲೆದ್ದಿತು, ಎರಡು ಬೆರಳು ಗಾಳಿಯಲ್ಲಿ ಆಡಿದವು. ಡೋಲು ಹರಿದುಬಿದ್ದಂತೆ ಶುರುವಾಯಿತು, ಅದರ ಮೇಲೆ ಸ್ಯಾಕ್ಸ್. ಗಟ್ಟಿಮೇಳ ಅಂದರೆ ಎಷ್ಟು ಹೊತ್ತು? ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ. ಅಷ್ಟರಲ್ಲಿ ತಾಳಿ ಕಟ್ಟಿಯಾಯಿತು, ಅಕ್ಷತೆ ಬಿತ್ತು, ಮದುಮಗಳ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲರೂ ತಾಳಿಯನ್ನು ನೋಡುತ್ತಿದ್ದರು. ವಾದ್ಯವನ್ನು ಯಾರೂ ಕೇಳುತ್ತಿರಲಿಲ್ಲ ಅಂತಲೇ ಹೇಳಬಹುದು. ಆದರೆ ಆ ದನಿ ಇಲ್ಲದೆ ಆ ಗಳಿಗೆ ಆಗುತ್ತಲೇ ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಅವರ ಪಕ್ಕ ಜಾಗ ಸಿಕ್ಕಿತು. "ಗಟ್ಟಿಮೇಳಕ್ಕೆ ಏನು ನುಡಿಸಬೇಕು ಅಂತ ಮೊದಲೇ ಯೋಚನೆ ಮಾಡಿರ್ತೀರಾ?" ಅಂತ ಕೇಳಿದೆ.

"ಯೋಚನೆ ಮಾಡ್ಲಿಕ್ಕೆ ಪುರ್ಸೊತ್ತು ಎಲ್ಲುಂಟು ಮಾರಾಯ್ರೆ? ಭಟ್ರ ಕೈ ನೋಡಿಕೊಂಡು ಕೂತಿರುವುದು. ಕೈ ಮೇಲೆ ಹೋಯ್ತು, ಊದಿದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಸಾರಿಗೆ ಕೈ ಹಾಕುತ್ತಾ, "ಕಾಯುವುದೇ ಕಷ್ಟ. ಊದುವುದು ಏನಲ್ಲ" ಅಂತ ಸೇರಿಸಿದರು.

ಕರ್ಟಿಸ್‌ನ ಇಡೀ ಕಸುಬೇ ಈ ಕಾಯುವಿಕೆ ಅಂತ ನನಗೆ ಈಗ ಅನ್ನಿಸುತ್ತದೆ. ಐವತ್ತರ ದಶಕದಲ್ಲಿ ಅವನು ನ್ಯೂಯಾರ್ಕಿಗೆ ಬಂದು ನೆಲೆಸಿದ. ಲಯನೆಲ್ ಹ್ಯಾಂಪ್ಟನ್‌ನ ದೊಡ್ಡ ಬ್ಯಾಂಡಿನಲ್ಲೂ ನುಡಿಸಿದ್ದ. ಆಮೇಲೆ ಸ್ಟುಡಿಯೋದಿಂದ ಸ್ಟುಡಿಯೋಗೆ ಕರೆ ಬಂದಲ್ಲಿಗೆ ಹೋಗಿ ನುಡಿಸುವ ಕೆಲಸ. ಹಾಡು ಬೇರೆಯವರದ್ದು. ಹಾಡುವವರು ಬೇರೆಯವರು. ಸಿಗುವುದು ಎಂಟು ಸುತ್ತು, ಅದೃಷ್ಟ ಇದ್ದರೆ ಹನ್ನೆರಡು.

ಪಕ್ಕವಾದ್ಯ

ಕೋಸ್ಟರ್ಸ್ ತಂಡದ 'ಯಾಕೆಟಿ ಯಾಕ್' ಬಂದದ್ದು 1958ರಲ್ಲಿ. ಮನೆಗೆಲಸ ಮಾಡು ಅಂತ ಅಪ್ಪ ಅಮ್ಮ ಮಗನನ್ನು ಬೈಯುವ ಹಾಡು. ಅದು ಅಮೆರಿಕದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಅದರಲ್ಲಿ ಕರ್ಟಿಸ್ ಸ್ವರಗಳನ್ನು ತೊದಲುವಂತೆ ತುಂಡು ತುಂಡು ಮಾಡಿ ಉಗುಳುತ್ತಾನೆ. ಬೈಸಿಕೊಂಡ ಹುಡುಗ ಬಾಗಿಲ ಹಿಂದೆ ನಿಂತು ಗೊಣಗಿದ ಹಾಗೆ. ಈ ಸೋಲೋ ಕೇಳಿಯೇ ಬೂಟ್ಸ್ ರಾಂಡಾಲ್ಫ್ ಎಂಬ ಇನ್ನೊಬ್ಬ ಸ್ಯಾಕ್ಸ್ ವಾದಕ 'ಯಾಕೆಟಿ ಸ್ಯಾಕ್ಸ್' ಅಂತ ಒಂದು ತುಣುಕು ಕಟ್ಟಿದ. ಅದು ಮುಂದೆ ಬ್ರಿಟನ್ನಿನ ಬೆನ್ನಿ ಹಿಲ್ ಟಿವಿ ಕಾರ್ಯಕ್ರಮದ ಓಡಾಟದ ದೃಶ್ಯಗಳಿಗೆ ಅಂಟಿಕೊಂಡಿತು. ಹಿಂದೆ ಮುಂದೆ ಓಡುವ ಜನರನ್ನು ತೋರಿಸುವ ವಿಡಿಯೋಗಳಲ್ಲಿ ಇವತ್ತಿಗೂ ನೀವು ಕೇಳುವ ದನಿ ಅದು. ಅದರ ಬೇರು ಕರ್ಟಿಸ್‌ನ ಬಾಯಲ್ಲಿದೆ.

ಅದೇ ವರ್ಷ ಬಡ್ಡಿ ಹಾಲಿ ಅವನನ್ನು ನ್ಯೂ ಮೆಕ್ಸಿಕೋದ ಕ್ಲೋವಿಸ್ ಊರಿನ ಸ್ಟುಡಿಯೋಗೆ ಕರೆಸಿಕೊಂಡ. ಅಲ್ಲಿ 'ರೆಮಿನಿಸಿಂಗ್' ಆಯಿತು. ಅದರ ಸ್ಯಾಕ್ಸ್ ಬೇರೆಯೇ ಮನುಷ್ಯ ನುಡಿಸಿದಂತಿದೆ. ಹಾಲಿಯ ದನಿಯ ಪಕ್ಕ ಸುಮ್ಮನೆ ನಡೆದುಕೊಂಡು ಹೋಗುತ್ತದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಆಪ್ತವಾದದ್ದು 1963ರ ಜನವರಿ 12ರ ರಾತ್ರಿ. ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್. ಸ್ಯಾಮ್ ಕುಕ್ ಹಾಡುತ್ತಿದ್ದಾನೆ, ಹಿಂದೆ ಕರ್ಟಿಸ್ ಮತ್ತವನ ತಂಡ. ರೇಡಿಯೋದಲ್ಲಿ ಕೇಳಿದ ಸ್ಯಾಮ್ ಕುಕ್ ರೇಷ್ಮೆಯಂಥವನು. ಇಲ್ಲಿ ಅವನ ಗಂಟಲು ಹರಿದಿದೆ, ಬೆವರು ಕೇಳಿಸುತ್ತದೆ, ಜನ ಕಿರುಚುತ್ತಾರೆ. ಇದು ತೀರಾ ಒರಟಾಯಿತು ಅಂತ ಆ ರೆಕಾರ್ಡಿಂಗ್ ಅನ್ನು ಹೊರಗೆ ಬಿಡದೆ ಇಟ್ಟರು. ಬಂದದ್ದು 1985ರಲ್ಲಿ. ಅಷ್ಟರಲ್ಲಿ ಹಾಡಿದವನೂ ಇರಲಿಲ್ಲ, ನುಡಿಸಿದವನೂ ಇರಲಿಲ್ಲ.

ಆ ರಾತ್ರಿ ಕರ್ಟಿಸ್ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಇದೆ. ಪಕ್ಕವಾದ್ಯ. ಕಛೇರಿಯಲ್ಲಿ ಪಿಟೀಲಿನವರು ಏನು ಮಾಡುತ್ತಾರೆ ನೋಡಿ. ಹಾಡುವವರ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಅದರ ತುದಿ ಹಿಡಿಯುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ತನಕ ಆ ಸಾಲು ಕೆಳಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಒಳ್ಳೆಯ ಪಕ್ಕವಾದ್ಯದವರು ಹಾಡುವವರಿಗಿಂತ ಅರ್ಧ ಗಳಿಗೆ ಹಿಂದೆ ಇರುತ್ತಾರೆ, ಮನಸ್ಸು ಮಾತ್ರ ಅರ್ಧ ಗಳಿಗೆ ಮುಂದೆ ಇರುತ್ತದೆ. ಸ್ಯಾಮ್ ಕುಕ್ ಒಂದು ಸಾಲು ಎಸೆದು ಜನರ ಕಡೆ ತಿರುಗಿದಾಗ ಕರ್ಟಿಸ್ ಅದನ್ನು ಹಿಡಿದುಕೊಳ್ಳುತ್ತಾನೆ. ಕುಕ್ ವಾಪಸ್ ಬಂದ ಕೂಡಲೇ ಕೈಗೆ ಕೊಟ್ಟು ಸರಿಯುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಸ್ಯಾಕ್ಸನ್ನು ಮಾತ್ರ ಹಿಂಬಾಲಿಸಿ ನೋಡಿ. ಇಡೀ ಕಾರ್ಯಕ್ರಮ ಬೇರೆ ಥರ ಕೇಳಿಸುತ್ತದೆ.

ಆ ಕೆರೆದ ಗಂಟಲಿನ ದನಿ ಬರುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಊದುತ್ತಲೇ ಗಂಟಲಿನಲ್ಲಿ ಗುಂಯ್ ಅಂತ ರಾಗ ಎಳೆಯಬೇಕು. ಉಸಿರಿನ ಜೊತೆ ಗಂಟಲಿನ ಕಂಪನವೂ ವಾದ್ಯದೊಳಗೆ ಹೋಗುತ್ತದೆ, ಎರಡೂ ಒಂದಕ್ಕೊಂದು ತಿಕ್ಕಾಡುತ್ತವೆ. ಹಾಗಾಗಿ ಆ ದನಿಯಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ ಹಾಡುತ್ತಿರುತ್ತಾನೆ. ಟೆಕ್ಸಸ್‌ನ ಟೆನರ್ ವಾದಕರಿಗೆ ಇದು ಊರಿನ ಮಾತಿದ್ದಂತೆ. ಇಲಿನಾಯ್ ಜಾಕೆ, ಆರ್ನೆಟ್ ಕಾಬ್ ಇವರೆಲ್ಲ ಹೀಗೆ ಮಾತಾಡಿದವರೇ. ಕರ್ಟಿಸ್ ಓದಿದ ಶಾಲೆಯಲ್ಲೇ ಆರ್ನೆಟ್ ಕೋಲ್‌ಮನ್ ಕೂಡ ಓದಿದ್ದ. ಒಂದೇ ಶಾಲೆಯಿಂದ ಹೊರಟ ಇಬ್ಬರಲ್ಲಿ ಒಬ್ಬ ಜಾಝ್‌ನ ಕಟ್ಟುಗಳನ್ನೆಲ್ಲ ಬಿಚ್ಚಿದ. ಇನ್ನೊಬ್ಬ ಮೂರು ನಿಮಿಷದ ಹಾಡಿನ ಕಟ್ಟಿನೊಳಗೇ ತನ್ನ ಜಾಗ ಕಂಡುಕೊಂಡ. ಮೊದಲನೆಯವನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಎರಡನೆಯ ದಾರಿಗೂ ಅಷ್ಟೇ ಧೈರ್ಯ ಬೇಕು ಅಂತ ನಾನು ನಂಬುತ್ತೇನೆ.

ತನ್ನದೇ ಹೆಸರಿನಲ್ಲಿ

ಜಾಝ್ ಬರದೆ ಇಲ್ಲಿ ನಿಂತವನಲ್ಲ ಅವನು. 1960ರ 'ದ ನ್ಯೂ ಸೀನ್ ಆಫ್ ಕಿಂಗ್ ಕರ್ಟಿಸ್' ಕೇಳಿ. ಪಿಯಾನೋದಲ್ಲಿ ವಿಂಟನ್ ಕೆಲಿ, ಬಾಸ್‌ನಲ್ಲಿ ಪಾಲ್ ಚೇಂಬರ್ಸ್. ಆ ದಿನಗಳಲ್ಲಿ ಇಬ್ಬರೂ ಜಾಝ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್‌ನ ತಂಡದವರು. ಅವರ ನಡುವೆ ಕರ್ಟಿಸ್ ಆರಾಮಾಗಿ, ಉದ್ದುದ್ದ ಸಾಲುಗಳಲ್ಲಿ ಮಾತಾಡುತ್ತಾನೆ. ಬೇಕಿದ್ದರೆ ಅಲ್ಲೇ ಇರಬಹುದಿತ್ತು. 1962ರಲ್ಲಿ 'ಸೋಲ್ ಟ್ವಿಸ್ಟ್' ಅಮೆರಿಕದ ರಿದಮ್ ಅಂಡ್ ಬ್ಲೂಸ್ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಅಲ್ಲಿಂದ ಮುಂದೆ ಅವನ ದಾರಿ ಕುಣಿಯುವ ಜನರ ಕಡೆಗೇ.

ಅವನ ಹೆಸರಿನ ಆಲ್ಬಮ್‌ಗಳು ಎಲ್ಲವೂ ಒಂದೇ ತೂಕದವಲ್ಲ ಅನ್ನುವುದನ್ನು ಹೇಳಲೇಬೇಕು. ಅರವತ್ತರ ದಶಕದಲ್ಲಿ ಆಗಿನ ಹಿಟ್ ಹಾಡುಗಳನ್ನೇ ಸ್ಯಾಕ್ಸ್‌ನಲ್ಲಿ ನುಡಿಸಿ ಬೇಗ ಬೇಗ ಹೊರತಂದ ರೆಕಾರ್ಡುಗಳು ಸುಮಾರು ಇವೆ. ಕೆಲವು ಕೇಳಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದರೆ 1964ರ 'ಸೋಲ್ ಸೆರೆನೇಡ್' ಹಾಗಲ್ಲ. ಅದನ್ನು ಅವನು ನುಡಿಸಿದ್ದು ಸ್ಯಾಕ್ಸೆಲೊದಲ್ಲಿ. ಸೊಪ್ರಾನೊ ಜಾತಿಯ, ಬಾಯಿ ಬಾಗಿದ ಸಣ್ಣ ಸ್ಯಾಕ್ಸ್ ಅದು. ಟೆನರ್‌ನ ಎದೆ ಅದಕ್ಕಿಲ್ಲ. ದನಿ ತೆಳ್ಳಗೆ, ಸ್ವಲ್ಪ ಮೂಗಿನಿಂದ ಬಂದಂತೆ. ನಾಗಸ್ವರ ಕೇಳಿ ಬೆಳೆದವರಿಗೆ ಆ ದನಿ ಕೂಡಲೇ ಒಳಗೆ ಇಳಿಯುತ್ತದೆ. ರಾಗ ಬಹಳ ಸರಳ. ಒಂದು ಮಾತು ಹೇಳಿ, ನಿಂತು, ಅದು ಕೇಳಿದವರನ್ನು ಮುಟ್ಟಿತೇ ಅಂತ ನೋಡಿ, ಮತ್ತೆ ಇನ್ನೊಂದು ಮಾತು. 1967ರಲ್ಲಿ ಅರೀಥಾ ಇದಕ್ಕೆ ಪದ ಹಾಕಿದ ರೂಪವನ್ನು ಹಾಡಿದಳು. 'ರೆಸ್ಪೆಕ್ಟ್' ಇರುವ ಆಲ್ಬಮ್‌ನಲ್ಲೇ ಅದೂ ಇದೆ.

ಅದೇ 1967ರಲ್ಲಿ 'ಮೆಂಫಿಸ್ ಸೋಲ್ ಸ್ಟ್ಯೂ'. ಮೆಂಫಿಸ್‌ನ ಅಮೆರಿಕನ್ ಸ್ಟುಡಿಯೋದಲ್ಲಿ ಮಾಡಿದ್ದು. ಕರ್ಟಿಸ್ ಇಲ್ಲಿ ಅಡುಗೆಯವನಾಗುತ್ತಾನೆ. ಇವತ್ತಿನ ಅಡುಗೆ ಏನು ಅಂತ ಹೇಳಿ ಒಂದೊಂದೇ ಪದಾರ್ಥ ಪಾತ್ರೆಗೆ ಹಾಕುತ್ತಾನೆ. ಅರ್ಧ ಟೀ ಕಪ್ ಬಾಸ್. ಬಾಸ್ ಶುರುವಾಗುತ್ತದೆ. ಒಂದು ಪೌಂಡ್ ಡ್ರಮ್ಸ್. ಡ್ರಮ್ಸ್ ಸೇರುತ್ತದೆ. ನಾಲ್ಕು ಚಮಚ ಗಿಟಾರ್, ಒಂದು ಚಿಟಿಕೆ ಆರ್ಗನ್. ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆ. ತನ್ನ ವಾದ್ಯ ಕೊನೆಗೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯುವ ತನಕ ಇಂಗಿಗೆ ಕೈ ಹಾಕುತ್ತಿರಲಿಲ್ಲ. ಯಾವುದು ಯಾವಾಗ, ಎಷ್ಟು ಅನ್ನುವ ಅದೇ ಎಚ್ಚರ ಇಲ್ಲಿದೆ. ಇಷ್ಟು ವರ್ಷ ಬೇರೆಯವರ ಪಾತ್ರೆಗೆ ಚಿಟಿಕೆಯಂತೆ ಬಿದ್ದವನಿಗೆ ಅಳತೆ ಗೊತ್ತಿಲ್ಲದೆ ಇರುತ್ತದೆಯೇ?

ಫಿಲ್ಮೋರ್, ಮೂರು ರಾತ್ರಿ

1971ರ ಮಾರ್ಚ್ 5, 6, 7. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್. ರಾಕ್ ಸಂಗೀತಕ್ಕೆ ಬರುವ, ಉದ್ದ ಕೂದಲಿನ ಹುಡುಗ ಹುಡುಗಿಯರ ಜಾಗ. ಅವರು ತನ್ನ ಹಾಡು ಕೇಳುತ್ತಾರೋ ಇಲ್ಲವೋ ಅಂತ ಅರೀಥಾಗೆ ಅಳುಕಿತ್ತು. ಅವಳ ಮೊದಲು ವೇದಿಕೆಗೆ ಬರುವವನು ಕರ್ಟಿಸ್, ಅವನ ಕಿಂಗ್‌ಪಿನ್ಸ್ ತಂಡದ ಜೊತೆ. ತನ್ನ ಸರದಿ ಮುಗಿದ ಮೇಲೆ ಅದೇ ತಂಡ ಅವಳಿಗೂ ನುಡಿಸಬೇಕು. ಒಂದೇ ರಾತ್ರಿ ಮೊದಲು ಮುಖ್ಯ ಕಲಾವಿದ, ಆಮೇಲೆ ಪಕ್ಕವಾದ್ಯ.

ಅವನ ಸರದಿ 'ಮೆಂಫಿಸ್ ಸೋಲ್ ಸ್ಟ್ಯೂ'ದಿಂದ ಶುರು. ಸ್ಟುಡಿಯೋದಲ್ಲಿ ಮೂರು ನಿಮಿಷದೊಳಗೆ ಮುಗಿದ ಅಡುಗೆ ಇಲ್ಲಿ ಏಳು ನಿಮಿಷ ದಾಟುತ್ತದೆ. ಪದಾರ್ಥಗಳಿಗೆ ಈಗ ಮನುಷ್ಯರ ಹೆಸರಿದೆ. ಬಾಸ್‌ಗೆ ಜೆರಿ ಜೆಮ್ಮಟ್, ಡ್ರಮ್ಸ್‌ಗೆ ಬರ್ನಾರ್ಡ್ ಪರ್ಡಿ, ಗಿಟಾರ್‌ಗೆ ಕಾರ್ನೆಲ್ ಡ್ಯುಪ್ರಿ, ಆರ್ಗನ್‌ಗೆ ಬಿಲಿ ಪ್ರೆಸ್ಟನ್. ಹೆಸರು ಕರೆದು, ಅವರು ನುಡಿಸಲು ಶುರು ಮಾಡಿದ ಮೇಲೆ ಅವಸರ ಮಾಡದೆ ಬಿಡುತ್ತಾನೆ. ಪರ್ಡಿಯ ಡ್ರಮ್ಸ್ ಬಂದಾಗ ಜನರ ಗದ್ದಲ ಬದಲಾಗುವುದನ್ನು ಗಮನಿಸಿ. ಅಲ್ಲಿಯ ತನಕ ಕೇಳಲು ಬಂದವರು, ಆಮೇಲೆ ಕುಣಿಯಲು ಬಂದವರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು 'ಎ ವೈಟರ್ ಶೇಡ್ ಆಫ್ ಪೇಲ್'. ಬ್ರಿಟನ್ನಿನ ಪ್ರೋಕಲ್ ಹಾರಮ್ ತಂಡದ ಹಾಡು. ಆ ಹುಡುಗರಿಗೆ ಬಾಯಿಪಾಠ ಇದ್ದದ್ದು. ಕರ್ಟಿಸ್ ಅವರ ಹಾಡನ್ನೇ ಎತ್ತಿಕೊಂಡು ಅವರ ಕೈಗೆ ಬೇರೆಯದನ್ನು ಕೊಡುತ್ತಾನೆ. ಶುರುವಿನಲ್ಲಿ ಪದಗಳನ್ನು ಓದುವಷ್ಟು ನಿಧಾನ. ಎದುರಿಗೆ ಕೂತವರಿಗೆ ಮಾತ್ರ ಹೇಳುವ ದನಿ. ಮುಂದೆ ಹೋದಂತೆ ಮೇಲಿನ ಸ್ಥಾಯಿಗೆ ಹತ್ತುತ್ತಾನೆ. ದನಿ ಒಡೆಯುತ್ತದೆ, ಒಡೆದ ದನಿಯನ್ನು ಹಾಗೇ ಹಿಡಿದು ನಿಲ್ಲಿಸುತ್ತಾನೆ. ನಾನು ಇದನ್ನು ಮೊದಲ ಸಲ ಪೂರ್ತಿ ಕೇಳಿದ್ದು ಒಂದು ರಾತ್ರಿ, ಅಜ್ಜಿ ಆಸ್ಪತ್ರೆಯಲ್ಲಿದ್ದಾಗ, ಹೊರಗಿನ ಬೆಂಚಿನಲ್ಲಿ ಕೂತು. ಯಾವ ಪದವೂ ಬೇಡವಾಗಿದ್ದ ಹೊತ್ತು ಅದು. ಒಂದು ಕಿವಿಯಲ್ಲಿ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ನರ್ಸ್ ಕರೆಯುತ್ತಾರೇನೋ ಅಂತ ಒಳಗಿನ ಕಡೆ. ಸಾಲು ಸಾಲಾಗಿ ಆ ಸ್ಯಾಕ್ಸ್ ನನ್ನ ಪಕ್ಕ ಕೂತಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಆಮೇಲೆ ಅರೀಥಾ ಬರುತ್ತಾಳೆ. ಕರ್ಟಿಸ್ ಹಿಂದಕ್ಕೆ ಸರಿಯುತ್ತಾನೆ. ಅವಳ ಆಲ್ಬಮ್ ಬೇರೆಯಾಗಿ ಬಂದಿದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಆ ಸರಿಯುವಿಕೆ ಗೊತ್ತಾಗುತ್ತದೆ. ಅಷ್ಟು ಹೊತ್ತು ಇಡೀ ಸಭೆಯನ್ನು ಕೈಯಲ್ಲಿ ಹಿಡಿದಿದ್ದ ಮನುಷ್ಯ ಈಗ ಅವಳ ಕೈ ನೋಡಿಕೊಂಡು ಕಾಯುತ್ತಿದ್ದಾನೆ. ಕೊನೆಯ ರಾತ್ರಿ ರೇ ಚಾರ್ಲ್ಸ್ ಕೂಡ ವೇದಿಕೆಗೆ ಬಂದ.

ಆ ಆಗಸ್ಟ್

ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಲೆನನ್‌ನ 'ಇಮ್ಯಾಜಿನ್' ಆಲ್ಬಮ್‌ನ ಎರಡು ಹಾಡುಗಳಿಗೆ ಕರ್ಟಿಸ್ ಸ್ಯಾಕ್ಸ್ ಸೇರಿಸಿದ. ಆಲ್ಬಮ್ ಸೆಪ್ಟೆಂಬರಿನಲ್ಲಿ ಬಂತು. ಅದನ್ನು ನೋಡಲು ಅವನಿರಲಿಲ್ಲ.

ಆಗಸ್ಟ್ 12ರ ರಾತ್ರಿ. ಸೆಕೆಗಾಲ. ವೆಸ್ಟ್ 86ನೇ ರಸ್ತೆಯಲ್ಲಿದ್ದ ತನ್ನ ಮನೆಗೆ ಅವನು ಒಂದು ಏರ್ ಕಂಡೀಷನರ್ ಹೊತ್ತು ತರುತ್ತಿದ್ದ. ಬಾಗಿಲ ಮೆಟ್ಟಿಲಿನ ಮೇಲೆ ಇದ್ದವರ ಜೊತೆ ಮಾತಿಗೆ ಮಾತು ಬೆಳೆಯಿತು. ಚಾಕು ಹೊರಬಂತು. ಬೆಳಗಾಗುವ ಹೊತ್ತಿಗೆ ಕರ್ಟಿಸ್ ಇರಲಿಲ್ಲ. ಫಿಲ್ಮೋರಿನ ಅವನ ಆಲ್ಬಮ್ ಅಂಗಡಿಗಳಿಗೆ ಬಂದದ್ದು ಅದೇ ಆಗಸ್ಟಿನಲ್ಲಿ.

ಅಂತ್ಯಕ್ರಿಯೆಗೆ ಜನ ಒಳಗೆ ಬರುತ್ತಿದ್ದಾಗ ಕಿಂಗ್‌ಪಿನ್ಸ್ 'ಸೋಲ್ ಸೆರೆನೇಡ್' ನುಡಿಸುತ್ತಿದ್ದರು. ಆ ಹಾಡಿನಲ್ಲಿ ಸ್ಯಾಕ್ಸ್ ಬರುವ ಜಾಗ ಬಂದಾಗಲೆಲ್ಲ ಅವರಿಗೆ ಏನಾಗಿರಬೇಡ? ಪಾದ್ರಿ ಜೆಸ್ಸಿ ಜಾಕ್ಸನ್ ಪ್ರಾರ್ಥನೆ ನಡೆಸಿಕೊಟ್ಟರು. ಅರೀಥಾ 'ನೆವರ್ ಗ್ರೋ ಓಲ್ಡ್' ಹಾಡಿದಳು, ತಾನು ಹದಿಹರೆಯದಲ್ಲಿ ಚರ್ಚಿನಲ್ಲಿ ಹಾಡುತ್ತಿದ್ದ ಭಕ್ತಿಗೀತೆ. ಲಾಂಗ್ ಐಲೆಂಡಿನ ಪೈನ್‌ಲಾನ್‌ನಲ್ಲಿ ಅವನನ್ನು ಮಣ್ಣು ಮಾಡಿದರು. ಜಾಝ್‌ನ ದೊಡ್ಡ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ಮಲಗಿರುವುದೂ ಅಲ್ಲೇ.

ಅವನ ಗೆಳೆಯರಲ್ಲಿ ಡುವೇನ್ ಆಲ್ಮನ್ ಎಂಬ ಗಿಟಾರಿನ ಹುಡುಗ ಇದ್ದ. ಇಬ್ಬರೂ ಸೇರಿ ನುಡಿಸಿದ 'ಗೇಮ್ಸ್ ಪೀಪಲ್ ಪ್ಲೇ' ಕರ್ಟಿಸ್‌ಗೆ 1970ರಲ್ಲಿ ಗ್ರ್ಯಾಮಿ ತಂದುಕೊಟ್ಟಿತ್ತು. ಕರ್ಟಿಸ್ ಸತ್ತು ಎರಡು ವಾರವಾಗಿತ್ತು. ಆಗಸ್ಟ್ 26ರಂದು ನ್ಯೂಯಾರ್ಕಿನ ಎ ಅಂಡ್ ಆರ್ ಸ್ಟುಡಿಯೋದಲ್ಲಿ ಆಲ್ಮನ್ ಬ್ರದರ್ಸ್ ತಂಡ ರೇಡಿಯೋಗಾಗಿ ನುಡಿಸುತ್ತಿತ್ತು. ಆ ರೆಕಾರ್ಡಿಂಗ್ ಈಗ ಸಿಗುತ್ತದೆ. ಡುವೇನ್ ಕರ್ಟಿಸ್ ಬಗ್ಗೆ ಒಂದೆರಡು ಮಾತು ಹೇಳುತ್ತಾನೆ. ಆಮೇಲೆ 'ಯು ಡೋಂಟ್ ಲವ್ ಮಿ' ಅಂತ ಒಂದು ಬ್ಲೂಸ್ ಹಾಡು ಶುರುವಾಗಿ, ಎಲ್ಲೋ ಮಧ್ಯದಲ್ಲಿ ಅಬ್ಬರ ಇಳಿದು, ಗಿಟಾರ್ ಮೆಲ್ಲಗೆ 'ಸೋಲ್ ಸೆರೆನೇಡ್' ಕಡೆ ತಿರುಗುತ್ತದೆ. ಮೊದಲ ಮಾತು. ನಿಲ್ಲುತ್ತದೆ. ಎರಡನೆಯ ಮಾತು. ಗಿಟಾರಿಗೆ ಉಸಿರು ಬೇಕಿಲ್ಲ, ಬೆರಳು ಇದ್ದಷ್ಟು ಹೊತ್ತು ನುಡಿಸುತ್ತಲೇ ಇರಬಹುದು. ಆದರೂ ಡುವೇನ್ ಪ್ರತಿ ಸಾಲಿನ ತುದಿಯಲ್ಲಿ, ಊದುವವನೊಬ್ಬ ಉಸಿರು ಎಳೆದುಕೊಳ್ಳುವಷ್ಟು ಜಾಗ ಬಿಡುತ್ತಾನೆ.